ಗಂಟೆಯ ಹೆಚ್ಚುವರಿ ಪ್ರಭಾರ

ಪ್ರಭಾರ ಎಂಬ ಪದವನ್ನು ಕಂಡುಹಿಡಿದವನು ಯಾರೋ ನನಗೆ ಗೊತ್ತಿಲ್ಲ. ಬದುಕಿದ್ದರೆ ಒಂದು ಸಲ ಅವನನ್ನು ನೋಡಬೇಕೆಂಬ ಆಸೆಯಿದೆ. ಬೈಯುವುದಕ್ಕಲ್ಲ, ಎದುರಿಗೆ ಕೂರಿಸಿ, ಒಂದು ಲೋಟ ಕಾಫಿ ಕುಡಿಸಿ, ಆ ಲೋಟ ತೊಳೆಯುವ ಹೆಚ್ಚುವರಿ ಪ್ರಭಾರವನ್ನು ಅವನಿಗೇ ವಹಿಸಿ ಬರುವುದಕ್ಕೆ. ಇದೇನೆಂದು ಗೊತ್ತಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ. ಒಂದು ಕಚೇರಿಯಲ್ಲಿ ಒಬ್ಬರು ನಿವೃತ್ತರಾಗುತ್ತಾರೆ, ಇಲ್ಲವೇ ವರ್ಗವಾಗುತ್ತಾರೆ. ಅವರ ಜಾಗಕ್ಕೆ ಹೊಸಬರು ಬರುವುದಿಲ್ಲ. ಬದಲಿಗೆ ಒಂದು ಕಾಗದ ಬರುತ್ತದೆ. 'ಮುಂದಿನ ಆದೇಶದವರೆಗೆ' ಅವರ ಕೆಲಸವನ್ನೂ ನೀವೇ ನೋಡಿಕೊಳ್ಳತಕ್ಕದ್ದು ಎಂದು ಅದರಲ್ಲಿರುತ್ತದೆ. ಆ ಮುಂದಿನ ಆದೇಶ ಎಂಬುದು ಬಂದದ್ದನ್ನು ನನ್ನ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನಾನಂತೂ ಕಂಡಿಲ್ಲ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದ ಬೋಧಕ. ಕಾಲೇಜಿನ ಹೆಸರು ಬೇಡ. ಹಿರಿಯೂರಿನಲ್ಲಿ ಹೈವೇ ಬಸ್ಸು ಹತ್ತಿ, 'ಇಲ್ಲಿ ಸ್ಟಾಪ್ ಇಲ್ಲರೀ' ಎಂದು ಕಂಡಕ್ಟರು ದಿನಾ ಹೇಳಿ ದಿನಾ ನಿಲ್ಲಿಸುವ ಜಾಗದಲ್ಲಿ ಇಳಿದರೆ ಎದುರಿಗೇ ಕಾಣುತ್ತದೆ. ಹಿಂದೆ ಗುಡ್ಡ, ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳು. ನನ್ನ ಹುದ್ದೆ ಒಂದು, ಪ್ರಭಾರಗಳು ಐದು. ಗ್ರಂಥಪಾಲಕರು ನಿವೃತ್ತರಾದಾಗ ಗ್ರಂಥಾಲಯ ಬಂತು. ದೈಹಿಕ ಶಿಕ್ಷಕರು ವರ್ಗವಾದಾಗ ಕ್ರೀಡಾ ವಿಭಾಗ ಬಂತು. ನನ್ನ ಮಂಡಿಯ ಎಕ್ಸ್‌ರೇ ತೋರಿಸಿದರೂ ಬಿಡಲಿಲ್ಲ. ಶೌಚಾಲಯ ಸ್ವಚ್ಛತಾ ಸಮಿತಿ, ಹಳೆಯ ವಿದ್ಯಾರ್ಥಿಗಳ ಸಂಘ, ಪರೀಕ್ಷಾ ಕುಂದುಕೊರತೆ ಸಮಿತಿ, ಇವು ಮೂರೂ ಒಂದೇ ವರ್ಷದಲ್ಲಿ ಬಂದವು. ಇದಾದ ಮೇಲೆ ಆರನೆಯದಾಗಿ ಗಂಟೆ ಬಂತು. ಬೇರೆ ಯಾವ ಅರ್ಥವೂ ಇಲ್ಲ, ಕಾಲೇಜಿನ ಪೀರಿಯಡ್ಡಿಗೆ ಬಾರಿಸುವ ಗಂಟೆ.

ಗಂಟೆ ಅಲ್ಲಿಯತನಕ ರುದ್ರಪ್ಪನ ಕೈಯಲ್ಲಿತ್ತು. ರುದ್ರಪ್ಪ ನಮ್ಮ ಅಟೆಂಡರ್. ಬೇವಿನ ಮರಕ್ಕೆ ನೇತುಹಾಕಿದ ರೈಲುಕಂಬಿಯ ತುಂಡನ್ನು ಸುತ್ತಿಗೆಯಿಂದ ಮೂವತ್ತು ವರ್ಷ ಹೊಡೆದವನು. ಅವನು ಗಡಿಯಾರ ನೋಡುತ್ತಿದ್ದನೋ ಇಲ್ಲವೋ ನನಗೆ ಕೊನೆಗೂ ತಿಳಿಯಲಿಲ್ಲ. ಸೋಮವಾರ ಬೆಳಗ್ಗೆ ಹೊಳಲ್ಕೆರೆಯ ಬಸ್ಸು ತಡವಾದರೆ ಮೊದಲ ಗಂಟೆಯೂ ತಡವಾಗುತ್ತಿತ್ತು. ಪರೀಕ್ಷೆಯ ದಿನ ಕೊನೆಯ ಗಂಟೆ ಹೊಡೆಯುವ ಮುಂಚೆ ಸುತ್ತಿಗೆ ಹಿಡಿದುಕೊಂಡೇ ಎಲ್ಲಾ ಕೊಠಡಿಗಳ ಕಿಟಕಿಯಲ್ಲಿ ಇಣುಕಿ ಬರುತ್ತಿದ್ದ. 'ಎರಡು ನಿಮಿಷ ಲೇಟಾಯ್ತಲ್ಲೋ ರುದ್ರಪ್ಪ' ಎಂದರೆ, 'ಆ ಮೂಲೆ ರೂಮಿನಾಗೆ ಒಂದು ಹುಡ್ಗ ಇನ್ನೂ ಗೀಚ್ತಾ ಇತ್ತು ಸಾರ್, ಮುಗಿಸ್ಲಿ ಅಂತ ನಿಂತ್ಕಂಡೆ' ಎನ್ನುತ್ತಿದ್ದ. ಅಂಥವನು ನಿವೃತ್ತನಾದ. ಹಾರ ಹಾಕಿದೆವು, ಭಾಷಣ ಮಾಡಿದೆವು, ಉಪ್ಪಿಟ್ಟು ತಿಂದೆವು. ಮರುದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

'ಏನಪ್ಪ, ಕುಂತ್ಕಳ್ರಿ. ಅಟೆಂಡರ್ ಪೋಸ್ಟ್ ತುಂಬಲ್ವಂತೆ. ಗಂಟೆಗೆ ಯಾರನ್ನಾದ್ರೂ ನೋಡ್ಬೇಕಲ್ಲ' ಎಂದರು. ಅವರು ನನಗೆ ಕೂರಲು ಹೇಳುವುದು ಪ್ರಭಾರ ಕೊಡುವಾಗ ಮಾತ್ರ, ಆದ್ದರಿಂದ ನಿಂತೇ ಇದ್ದೆ. ನಿಂತರೂ ಪ್ರಯೋಜನವಾಗಲಿಲ್ಲ. 'ನಿಮ್ಮ ಲ್ಯಾಬು ಬೇವಿನ ಮರಕ್ಕೆ ಹತ್ರ ಐತಲ್ರಿ' ಎಂಬ ಒಂದೇ ಅರ್ಹತೆಯ ಮೇಲೆ ನಾನು ಆಯ್ಕೆಯಾದೆ.

ಐವತ್ತೆರಡನೆಯ ವಯಸ್ಸಿನಲ್ಲಿ, ಇನ್‌ಶರ್ಟ್ ಮಾಡಿಕೊಂಡು, ಮರದ ಕೆಳಗೆ ನಿಂತು ಕಂಬಿ ಹೊಡೆಯುವುದು ಹೇಗಿರುತ್ತದೆಂದು ನೀವು ಒಮ್ಮೆ ಹೊಡೆದು ನೋಡಬೇಕು. ಮೊದಲ ದಿನವೇ ಹಳೆಯ ಶಿಷ್ಯನೊಬ್ಬ ಬೈಕು ನಿಲ್ಲಿಸಿ, 'ಸಾರ್, ನೀವಾ? ಬಾರ್ಸಿ ಬಾರ್ಸಿ, ವಿಡಿಯೊ ಮಾಡ್ಕಂತೀನಿ' ಎಂದ. ಮನೆಯಲ್ಲಿ ಹೇಳಿಕೊಂಡರೆ ಸಮಾಧಾನವಾದೀತೆಂದು ಹೆಂಡತಿಗೆ ಹೇಳಿದೆ. ಅವಳು ಕಾಯಿ ತುರಿಯುವುದನ್ನು ನಿಲ್ಲಿಸದೆ, 'ಗಂಟೆ ಬಾರ್ಸಕ್ಕೂ ಡಿಪ್ಲೊಮಾ ಕೇಳ್ತಾರೇನ್ರಿ ಈಗ?' ಎಂದು ಕೇಳಿದಳು. ಅವಳ ಅಣ್ಣ ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟವನು. ಏಳನೇ ಕ್ಲಾಸು ಓದಿ ಎಂಟು ಜನರಿಗೆ ಕೆಲಸ ಕೊಟ್ಟವನು. ಆ ವಾರ ಅವನು ಮನೆಗೆ ಬಂದಾಗ ಯಾರೂ ಏನೂ ಹೇಳದಿದ್ದರೂ ಟೀ ಕುಡಿಯುತ್ತಾ ನನ್ನ ಕೈಗಳನ್ನೇ ನೋಡುತ್ತಿದ್ದಾನೆ ಅನ್ನಿಸಿತು. ಈ ಕಂಬಿಯನ್ನು ಇನ್ನು ಮುಟ್ಟುವುದಿಲ್ಲ ಎಂದು ಅಂದೇ ನಿರ್ಧರಿಸಿದೆ.

ನಮ್ಮ ಲ್ಯಾಬಿನ ಬೀರುವಿನಲ್ಲಿ ಒಂದು ಪುಟ್ಟ ಕಂಪ್ಯೂಟರು ಇತ್ತು. ಪುಟ್ಟದು ಎಂದರೆ ಅಂಗೈಯಗಲ. ಪೆಟ್ಟಿಗೆಯಿಲ್ಲ, ಪರದೆಯಿಲ್ಲ, ಬರೀ ಒಂದು ಹಸಿರು ಹಲಗೆ. ಅದರ ಒಂದು ಅಂಚಿನಲ್ಲಿ ಎರಡು ಸಾಲು ಲೋಹದ ಪಿನ್ನುಗಳು ನಿಂತಿರುತ್ತವೆ, ಒಟ್ಟು ನಲವತ್ತು. ಯಾವುದಾದರೂ ಪಿನ್ನಿಗೆ ತಂತಿ ಸಿಕ್ಕಿಸಿ, ಇಂಥ ಹೊತ್ತಿಗೆ ಇಂಥ ಪಿನ್ನಿಗೆ ವಿದ್ಯುತ್ ಕೊಡು ಎಂದು ಬರೆದಿಟ್ಟರೆ ಅದು ದೀಪ ಹತ್ತಿಸುತ್ತದೆ, ಮೋಟಾರು ತಿರುಗಿಸುತ್ತದೆ. ಹಾಗಿದ್ದ ಮೇಲೆ ಗಂಟೆ ಬಾರಿಸದೆ ಏನು? ಯಾವುದೋ ಯೋಜನೆಯಲ್ಲಿ ಬಂದು, ದಾಸ್ತಾನು ಪುಸ್ತಕದಲ್ಲಿ ನಮೂದಾಗಿ, ಕಳುವಾಗಬಾರದೆಂದು ಬೀಗ ಹಾಕಿಸಿಕೊಂಡು ಅದು ನಾಲ್ಕು ವರ್ಷ ಕತ್ತಲಲ್ಲಿ ಕೂತಿತ್ತು. ಒಂದು ವಿದ್ಯುತ್ ಗಂಟೆ ತರಿಸಿದೆ, ನಡುವೆ ಒಂದು ರಿಲೇ ಹಾಕಿದೆ. ರಿಲೇ ಎಂದರೆ ಪಿನ್ನಿನ ಸಣ್ಣ ಸನ್ನೆಗೆ ಗಂಟೆಯ ದೊಡ್ಡ ಸ್ವಿಚ್ಚನ್ನು ಒತ್ತುವ ಸಲಕರಣೆ. ಒಂದು ಮಧ್ಯಾಹ್ನದ ಕೆಲಸ ಎಂದು ಸ್ಟಾಫ್‌ರೂಮಿನಲ್ಲಿ ಹೇಳಿಬಿಟ್ಟೆ. ಹೇಳಬಾರದಿತ್ತು.

ಗಂಟೆ ಬಾರಿಸಲಿಲ್ಲ. ತಂತಿ ಬದಲಾಯಿಸಿದೆ, ಬಾರಿಸಲಿಲ್ಲ. ರಿಲೇ ಬದಲಾಯಿಸಿದೆ. ಮೂರನೆಯ ದಿನ ತಿಳಿಯಿತು, ಈ ಪಿನ್ನುಗಳಿಗೆ ಎರಡೆರಡು ಸಂಖ್ಯೆ. ಸಾಲಿನಲ್ಲಿ ನಿಂತ ಕ್ರಮದ ಸಂಖ್ಯೆ ಒಂದು, ಒಳಗಿನ ಚಿಪ್ಪು ಅದನ್ನು ಕರೆಯುವ ಸಂಖ್ಯೆ ಇನ್ನೊಂದು. ನಮ್ಮ ಕಡೆ ಮನೆಯಲ್ಲಿ ಪುಟ್ಟ ಎಂದು ಕರೆಸಿಕೊಳ್ಳುವವನು ಶಾಲೆಯ ಹಾಜರಿಯಲ್ಲಿ ಬೇರೇನೋ ಆಗಿರುವುದಿಲ್ಲವೇ, ಹಾಗೆ. ನಾನು ಹಾಜರಿಯ ಹೆಸರು ಹಿಡಿದು ಕರೆಯಬೇಕಾದಲ್ಲಿ ಪುಟ್ಟಾ ಎಂದು ಕೂಗುತ್ತಿದ್ದೆ. ಓ ಎಂದದ್ದು ಇನ್ಯಾರೋ. ಅದನ್ನು ಸರಿಮಾಡಿದೆ. ಆಗಲೂ ಬಾರಿಸಲಿಲ್ಲ, ಆದರೆ ಈ ಸಲ ಕಂಪ್ಯೂಟರು ಕಾರಣ ಹೇಳಿತು. ನೀವು ಕೇಳಿದ ಪಿನ್ನು ಆಗಲೇ ಬೇರೊಂದು ಡ್ರೈವರಿನ ವಶದಲ್ಲಿದೆ ಎಂಬರ್ಥದ ಒಂದು ಸಾಲು, ನಾನು ಅದಕ್ಕೆ ಜೋಡಿಸಿದ್ದ ಲ್ಯಾಬಿನ ಪರದೆಯ ಮೇಲೆ ಬಂತು. ಡ್ರೈವರ್ ಎಂದರೆ ಯಂತ್ರದ ಒಂದೊಂದು ಭಾಗವನ್ನು ಕೆಲಸಕ್ಕೆ ಹಚ್ಚುವ ಸಣ್ಣ ಕಾರ್ಯಕ್ರಮ.

ಕೈಪಿಡಿ ತೆಗೆದೆ. ಇನ್ನೂರು ಪುಟ. ಓದುತ್ತಾ ಹೋದ ಹಾಗೆ ಅದು ಯಾರೋ ವಿದೇಶದ ಇಂಜಿನಿಯರು ಬರೆದದ್ದಲ್ಲ, ನಮ್ಮ ಕಾಲೇಜಿನ ಸಿಬ್ಬಂದಿ ಶಾಖೆಯಲ್ಲಿ ಬರೆದದ್ದು ಎನ್ನಿಸತೊಡಗಿತು. ಪಿನ್ನುಗಳು ಕಡಿಮೆ, ಕೆಲಸಗಳು ಜಾಸ್ತಿ. ಆದ್ದರಿಂದ ಪ್ರತಿಯೊಂದು ಪಿನ್ನಿಗೂ ನಾಲ್ಕೈದು ಕೆಲಸ ಹಚ್ಚಿದ್ದಾರೆ. ಇದೇ ಪಿನ್ನು ಸಂದೇಶ ಕಳಿಸಬೇಕು, ಇದೇ ದೀಪ ಹಚ್ಚಬೇಕು, ಇದೇ ಗಡಿಯಾರಕ್ಕೆ ತಾಳ ಹಾಕಬೇಕು. ಯಾವ ಹೊತ್ತಿಗೆ ಯಾವುದು ಎಂಬುದಕ್ಕೆ ಒಂದು ಕಡತ ಇದೆ. ಆ ಕಡತದಲ್ಲಿ ಹಿಂದಿನ ಡ್ರೈವರಿಗೆ ಬಿಡುಗಡೆ ಬರೆಯದೆ ಹೊಸಬರಿಗೆ ಪಿನ್ನು ಸಿಗುವುದಿಲ್ಲ. ನಾನು ಆರಿಸಿದ ಪಿನ್ನಿಗೆ ಯಾರೂ ಓದದ ವರದಿಗಳನ್ನು ಸದಾ ಹೊರಗೆ ಕಳಿಸುತ್ತಿರುವ ಕೆಲಸವಿತ್ತು. ಅದನ್ನು ನೋಡಿ ನನಗೆ ಆ ಪಿನ್ನಿನ ಮೇಲೆ ಒಂದು ಕ್ಷಣ ಮರುಕವೇ ಬಂತು.

ಬಿಡುಗಡೆ ಮಾಡಿಸುವುದು ಅಷ್ಟು ಸುಲಭವಾಗಿರಲಿಲ್ಲ. ಕಡತ ತೆರೆದು ಒಂದು ಸಾಲು ಅಳಿಸಿದರೆ ಯಂತ್ರವೇ ಏಳಲಿಲ್ಲ. ಮತ್ತೆ ಬರೆದರೆ ಎದ್ದಿತು, ಗಂಟೆ ಬಾರಿಸಲಿಲ್ಲ. ಇಂಟರ್ನೆಟ್ಟಿನ ಒಂದು ವೇದಿಕೆಯಲ್ಲಿ ನನ್ನ ಕಷ್ಟ ಬರೆದುಕೊಂಡೆ. ಎರಡು ದಿನ ಬಿಟ್ಟು ಯಾರೋ ಪುಣ್ಯಾತ್ಮ 'ಕೈಪಿಡಿ ಓದಿ' ಎಂದು ಉತ್ತರ ಹಾಕಿದ್ದ. ಸ್ಟಾಫ್‌ರೂಮಿನಲ್ಲಿ ಪ್ರತಿ ದಿನ ಯಾರಾದರೂ, 'ಏನ್ರೀ, ಗಂಟೆ ಮಾತಾಡ್ತಾ?' ಎಂದು ಕೇಳುವರು. ಈ ನಡುವೆ ದಿನಕ್ಕೆ ಒಂಬತ್ತು ಸಲ ಹೋಗಿ ಕಂಬಿ ಹೊಡೆದು ಬರುವುದು ತಪ್ಪಲಿಲ್ಲ. ಎರಡು ವಾರ ಕಳೆಯಿತು. ಪ್ರಿನ್ಸಿಪಾಲರು ನೆಲದ ಕಡೆ ನೋಡುತ್ತಾ, 'ಸುತ್ತಿಗೆ ಹಿಡಿ ಸಡಿಲ ಆಗೈತೆ ಅಂದ್ರಲ್ಲ, ಹೊಸಾದು ತರ್ಸ್ಲಾ?' ಎಂದರು. ಹೊಸ ಸುತ್ತಿಗೆ ಎಂದರೆ ಇನ್ನು ಹತ್ತು ವರ್ಷದ ಮಾತು. ನನಗೆ ಮೈ ಉರಿದುಹೋಯಿತು.

ಆ ಉರಿಯಲ್ಲಿ ನಾನೊಂದು ಕೆಲಸ ಮಾಡಿದೆ. ಬಿಡುಗಡೆಯ ರಗಳೆಯೇ ಬೇಡವೆಂದು ಆ ಪಿನ್ನನ್ನು ಬಿಟ್ಟು, ಪಕ್ಕದ ಸಾಲಿನಲ್ಲಿ ಯಾವ ಡ್ರೈವರೂ ಹಿಡಿದಿರದ ಒಂದು ಖಾಲಿ ಪಿನ್ನಿಗೆ ತಂತಿ ಸಿಕ್ಕಿಸಿದೆ. ಗಂಟೆ ಬಾರಿಸಿತು. ಎಂಥಾ ಸದ್ದು! ಹೈವೇಯವರೆಗೂ ಕೇಳಿಸಿತಂತೆ. ಹುಡುಗರು ಸಿಳ್ಳೆ ಹಾಕಿದರು. ವಾರದೊಳಗೆ ಒಂದು ಸಮಾರಂಭದಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, 'ತಂತ್ರಜ್ಞಾನವನ್ನು ನೆಲಕ್ಕೆ ಇಳಿಸಿದವರು' ಎಂದು ಹೊಗಳಿದರು. ಶಾಲನ್ನು ಭಾವಮೈದುನ ಬಂದಾಗ ಕಣ್ಣಿಗೆ ಬೀಳುವ ಹಾಗೆ ಕುರ್ಚಿಯ ಮೇಲೆ ಹಾಕಿದ್ದೆ. ಅವನು ಅದರ ಮೇಲೇ ಕೂತ.

ಒಂದೇ ಒಂದು ಸಣ್ಣ ತೊಡಕು ಉಳಿದಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಗಂಟೆ ತಾನಾಗಿಯೇ ಎರಡು ಮೂರು ಸೆಕೆಂಡು ಬಾರಿಸುತ್ತಿತ್ತು. ಕಾರಣ ಕೈಪಿಡಿಯಲ್ಲೇ ಇತ್ತು, ನಾನು ಓದಿಯೂ ಇದ್ದೆ. ಈ ಚಿಪ್ಪಿನ ಕೆಲವು ಪಿನ್ನುಗಳು ಏಳುವಾಗಲೇ ಕೈ ಮೇಲೆತ್ತಿಕೊಂಡು ಏಳುತ್ತವೆ, ಕೆಲವು ಇಳಿಬಿಟ್ಟುಕೊಂಡು. ಗಂಟೆಗೆಂದು ನಾನು ಹಾಕಿದ ಡ್ರೈವರು ಎದ್ದು ಬಂದು 'ಕೈ ಇಳಿಸು' ಎನ್ನುವ ತನಕ ಅದು ಎತ್ತಿಯೇ ಇರುತ್ತದೆ, ಅಷ್ಟು ಹೊತ್ತೂ ರಿಲೇ ಗಂಟೆಯನ್ನು ಒತ್ತಿಯೇ ಇರುತ್ತದೆ. ನಾನು ಅವಸರದಲ್ಲಿ ಹಿಡಿದದ್ದು ಕೈ ಮೇಲೆತ್ತುವ ಜಾತಿಯದು. ಸರಿಪಡಿಸಲು ಬೇಕಾದದ್ದು ಕಡತದಲ್ಲಿ ಒಂದು ಸಾಲು, ಪಿನ್ನಿನ ಬುಡಕ್ಕೆ, ಅದರ ಕೈಯನ್ನು ಕೆಳಗೇ ಹಿಡಿದಿಡಲು, ಒಂದು ರೆಸಿಸ್ಟರ್. ಹತ್ತು ನಿಮಿಷ ಸಾಕು. ಆದರೆ ಗೋಡೆಯ ಮೇಲಿನ ಪೆಟ್ಟಿಗೆ ಬಿಚ್ಚಬೇಕು. ಬಿಚ್ಚಿದರೆ ಯಾರಾದರೂ ಕಂಡು, 'ಆಗ್ಲೇ ಕೆಟ್ಟೋಯ್ತಾ?' ಎನ್ನುತ್ತಾರೆ. ಶಾಲು ಹೊದ್ದವನಿಗೆ ಇಂಥ ಪ್ರಶ್ನೆ ಬಹಳ ಚುಚ್ಚುತ್ತದೆ.

ಯುಪಿಎಸ್ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಅದರ ಪ್ರಭಾರ ಬೇರೆಯವರದು. ಪ್ರಿನ್ಸಿಪಾಲರಂತೂ ಆ ಎರಡು ಸೆಕೆಂಡಿನ ಸದ್ದನ್ನು ಮೆಚ್ಚಿಕೊಂಡುಬಿಟ್ಟರು. 'ಕರೆಂಟ್ ಬಂತು ಅಂತ ಹೇಳ್ತೈತಲ್ರಿ, ಇರ್ಲಿ ಬಿಡ್ರಿ' ಎಂದರು. ಅಡ್ಡಿಯೆತ್ತಿದವನು ರುದ್ರಪ್ಪ ಒಬ್ಬನೇ. ಪಿಂಚಣಿ ಕಾಗದಕ್ಕೆ ಸಹಿ ಮಾಡಿಸಲು ಬಂದಿದ್ದ. ಅವನಿರುವಾಗಲೇ ಕರೆಂಟು ಹೋಗಿ ಬಂತು, ಗಂಟೆ ಟ್ರಿಣ್ ಎಂದಿತು. ಅವನು ಚಪ್ಪಲಿ ಮೆಟ್ಟುತ್ತಿದ್ದವನು ನಿಂತ.

'ಇದ್ಯಾವ ಗಂಟೆ ಸಾರ್?' ಎಂದು ಕೇಳಿದ.

'ಯಾವುದೂ ಅಲ್ಲ. ಕರೆಂಟ್ ಬಂದಾಗ ಒಂದು ಸಲ ಹೊಡೀತದೆ ಅಷ್ಟೇ.'

'ಟೇಮ್ ಅಲ್ದ ಟೇಮ್‌ನಾಗಾ? ಪರೀಕ್ಷೆ ದಿನ ಏನ್ ಗತಿ ಸಾರ್? ಹುಡುಗ್ರು ಗಾಬ್ರಿ ಬೀಳಲ್ವಾ? ಒಸಿ ಸರಿ ಮಾಡಿಬಿಡ್ರಿ.'

'ಇದೆಲ್ಲ ನಿನಗೆ ಅರ್ಥವಾಗೋದಲ್ಲ ರುದ್ರಪ್ಪ. ಇದು ಪಿನ್ನಿನ ಸ್ಥಿತಿಗೆ ಸಂಬಂಧಿಸಿದ್ದು' ಎಂದೆ. ಅವನು, 'ಅಂಗಾ ಸಾರ್' ಎಂದು ತಲೆಯಾಡಿಸಿ ಹೋದ. ಆ ಕ್ಷಣದಲ್ಲಿ ನನಗೆ ಎಷ್ಟು ಹಿತವಾಗಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾಳೆ ಮಾಡೋಣ ಎಂದುಕೊಂಡೆ. ನಾಳೆ ಗ್ರಂಥಾಲಯದ ಪುಸ್ತಕ ಎಣಿಕೆ, ನಾಡಿದ್ದು ಕ್ರೀಡಾಕೂಟ, ಆಮೇಲೆ ಪರೀಕ್ಷೆ.

ಇಲ್ಲಿ ಪವಿತ್ರಾಳ ವಿಷಯ ಹೇಳಬೇಕು. ಭೀಮಸಮುದ್ರದ ಹತ್ತಿರದ ಹಳ್ಳಿಯ ಹುಡುಗಿ. ಚಿಕ್ಕಪ್ಪಂದಿರು ಕುರಿ ಕಾಯುತ್ತಾರೆ, ಅಪ್ಪ ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುತ್ತಾನೆ. ನನ್ನ ಲ್ಯಾಬಿನಲ್ಲಿ ಮೂರು ವರ್ಷ ಇದ್ದಳು. ಬೆಸುಗೆ ಹಾಕಿದರೆ ತಂತಿಯೇ ನಾಚಬೇಕು, ಅಷ್ಟು ಚೊಕ್ಕ. ಗಣಿತ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಎಲ್ಲಾ ಪಾಸಾಗಿ ಆ ಒಂದು ಗಣಿತ ಉಳಿದಿತ್ತು. ಗುಡ್ಡದ ಮೇಲಿನ ಗಾಳಿಯಂತ್ರದ ಒಂದು ಕಂಪನಿಯವರು ಬಂದು ಅವಳನ್ನು ತರಬೇತಿಗೆ ಆರಿಸಿಕೊಂಡಿದ್ದರು, ಈ ಸಲ ಗಣಿತ ಮುಗಿಸಿದರೆ ಎಂಬ ಷರತ್ತಿನ ಮೇಲೆ. 'ಅಷ್ಟೆತ್ರ ಹತ್ತಬೇಕಂತೆ ಸಾರ್, ನಮ್ಮವ್ವ ಬೇಡ ಅಂತಾಳೆ, ನಾನು ಹತ್ತೇ ಹತ್ತೀನಿ' ಎಂದು ಕಿಟಕಿಯಿಂದ ಗುಡ್ಡ ತೋರಿಸುತ್ತಾ ಹೇಳಿದ್ದಳು.

ಗಣಿತದ ದಿನ ಪರೀಕ್ಷೆ ಒಂಬತ್ತೂವರೆಯಿಂದ ಹನ್ನೆರಡೂವರೆ. ಹನ್ನೊಂದೂ ಮುಕ್ಕಾಲಿಗೆ ಕರೆಂಟು ಹೋಯಿತು. ಹನ್ನೆರಡೂ ಹತ್ತಕ್ಕೆ ಬಂತು. ನಾನು ಲ್ಯಾಬಿನಲ್ಲಿ ಕ್ರೀಡಾಕೂಟದ ಪ್ರಶಸ್ತಿಪತ್ರಗಳಿಗೆ ಹೆಸರು ಬರೆಯುತ್ತಿದ್ದೆ. ಗಂಟೆ ಟ್ರಿಣ್ ಎಂದಿತು, ನಿಲ್ಲಲಿಲ್ಲ. ಕರೆಂಟು ಥಟ್ಟನೆ ಹೋದದ್ದರಿಂದ ಯಂತ್ರದ ನೆನಪಿನ ಕಾರ್ಡು ಕದಡಿತ್ತು. ಏಳುವಾಗ ಅದು ತನ್ನ ಕಡತಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸುತ್ತಾ ಕೂತಿತು. ಅದು ಮುಗಿದು ಡ್ರೈವರು ಬರುವ ತನಕ ಪಿನ್ನು ಕೈ ಎತ್ತಿಕೊಂಡೇ ಇತ್ತು. ಪೂರ್ತಿ ಒಂದು ನಿಮಿಷ ಬಾರಿಸಿತು. ಉದ್ದ ಗಂಟೆ ಎಂದರೆ ನಮ್ಮಲ್ಲಿ ಒಂದೇ ಅರ್ಥ, ಪರೀಕ್ಷೆ ಮುಗಿಯಿತು. ನಾನು ಎದ್ದು ಓಡಿದೆ. ಓಡಿದ್ದು ಗಂಟೆಯ ಪೆಟ್ಟಿಗೆಯ ಕಡೆಗೆ. ಸ್ವಿಚ್ಚು ಆರಿಸಿ, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿ, ಬೆವರು ಒರೆಸಿಕೊಂಡೆ. ಪರೀಕ್ಷಾ ಕೊಠಡಿಗಳ ಕಡೆಗೆ ಓಡಬೇಕಿತ್ತು ಎಂದು ಹೊಳೆದದ್ದು ಆಮೇಲೆ.

ಉಳಿದ ಕೊಠಡಿಗಳಲ್ಲಿ ನಮ್ಮವರೇ ಮೇಲ್ವಿಚಾರಕರು. ಅವರಿಗೆ ಈ ಗಂಟೆಯ ಹಣೆಬರಹ ಗೊತ್ತಿದ್ದರಿಂದ, 'ಬರೀರ್ರಪ್ಪ, ಬರೀರಿ' ಎಂದು ಸುಮ್ಮನಿದ್ದರು. ಹಳೆಯ ವಿಷಯ ಉಳಿಸಿಕೊಂಡವರ ಕೊಠಡಿಗೆ ಮಾತ್ರ ಹೊಸದುರ್ಗದ ಕಡೆಯಿಂದ ಬಂದ ಹೊರಗಿನ ಮೇಲ್ವಿಚಾರಕರಿದ್ದರು. ಅಲ್ಲಿ ಇದ್ದದ್ದು ನಾಲ್ವರು, ಮೂವರು ಆಗಲೇ ಖಾಲಿ ಹಾಳೆ ಕೊಟ್ಟು ಎದ್ದು ಹೋಗಿದ್ದರು. ಉಳಿದವಳು ಪವಿತ್ರಾ. ಗೋಡೆಯ ಗಡಿಯಾರ ಯಾವ ಕಾಲದಲ್ಲೋ ನಿಂತದ್ದು. ನಿಯಮದ ಪ್ರಕಾರ ಎಲ್ಲರ ಫೋನೂ ಆಫೀಸಿನಲ್ಲಿ, ಮೇಲ್ವಿಚಾರಕರ ಕೈಯಲ್ಲಿ ವಾಚೂ ಇರಲಿಲ್ಲ. ಮೇಲ್ವಿಚಾರಕರು ಎದ್ದು ಬಂದು ಉತ್ತರಪತ್ರಿಕೆಗೆ ಕೈ ಹಾಕಿದರು.

'ಸಾರ್, ಇನ್ನೂ ಟೈಮ್ ಐತೆ ಸಾರ್. ಎರಡು ಲೆಕ್ಕ ಅವೆ' ಎಂದಳಂತೆ.

'ಗಂಟೆ ಕೇಳಿಸ್ಲಿಲ್ವೇನಮ್ಮ?'

'ಅದು ಕರೆಂಟಿನ ಗಂಟೆ ಸಾರ್!'

'ಗಂಟೆನಾಗೆ ಕರೆಂಟಿಂದು ಬೇರೆ, ಪರೀಕ್ಷೇದು ಬೇರೆ ಅಂತ ಐತೇನಮ್ಮ? ಕೊಡು' ಎಂದು ಎಳೆದುಕೊಂಡರು. ಅವರದೇನೂ ತಪ್ಪಿಲ್ಲ. ಗಂಟೆಯಾದ ಮೇಲೆ ಬರೆಯಲು ಬಿಟ್ಟರೆ ಅವರ ಕೆಲಸಕ್ಕೇ ಕುತ್ತು. ಕಟ್ಟಿ, ಅರಗು ಹಾಕಿ, ಮೊಹರು ಒತ್ತಿದರು. ಒತ್ತಿದ ಮೇಲೆ ಅದನ್ನು ಬಿಚ್ಚುವ ಅಧಿಕಾರ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ.

ಅವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಪೆಟ್ಟಿಗೆ ಬಿಚ್ಚಿದೆ. ಕಡತದಲ್ಲಿ ಆ ಒಂದು ಸಾಲು ಸೇರಿಸಿದೆ, ರೆಸಿಸ್ಟರನ್ನು ಬೆಸೆದೆ. ಐದು ಸಲ ಸ್ವಿಚ್ಚು ಆರಿಸಿ ಹಾಕಿ ನೋಡಿದೆ. ಗಂಟೆ ಒಂದು ಸಲವೂ ಬಾಯಿ ಬಿಡಲಿಲ್ಲ. ಕೈಗಡಿಯಾರ ನೋಡಿಕೊಂಡೆ. ಹತ್ತು ನಿಮಿಷವೆಂದು ನಾನು ಅಂದಾಜು ಮಾಡಿದ್ದು ಜಾಸ್ತಿಯಾಗಿತ್ತು, ಎಂಟೇ ನಿಮಿಷ ಹಿಡಿದಿತ್ತು.

ಮರುದಿನ ಪವಿತ್ರಾ ಲ್ಯಾಬಿಗೆ ಬಂದಳು. ಕಣ್ಣು ಊದಿಕೊಂಡಿದ್ದವು, ಆದರೆ ಅಳಲಿಲ್ಲ. ಕೈಯಲ್ಲಿ ಒಂದು ಹಾಳೆ. 'ಅರ್ಜಿ ಕೊಡಬೇಕಂತೆ ಸಾರ್. ನಂಗೆ ಇಂಥವೆಲ್ಲ ಸರಿಯಾಗಿ ಬರೆಯಕ್ಕೆ ಬರಲ್ಲ. ನೀವೇ ಒಸಿ ನೋಡ್ರಿ' ಎಂದಳು. 'ಕಾಲೇಜಿನ ಗಂಟೆ ಯಂತ್ರ ಕೆಟ್ಟು ಸಮಯಕ್ಕೆ ಮುಂಚೆ ಬಾರಿಸಿದ್ದರಿಂದ' ಎಂದು ಬರೆದಿದ್ದಳು. ಕೆಂಪು ಪೆನ್ನು ನನ್ನ ಕೈಯಲ್ಲೇ ಇತ್ತು. 'ಹೀಗೆಲ್ಲ ಬರೆದರೆ ಮೇಲಿನವರಿಗೆ ಸಿಟ್ಟು ಬರ್ತದಮ್ಮ, ಅರ್ಜಿ ಅಂದ್ರೆ ವಿನಯ ಇರಬೇಕು' ಎಂದು ಹೇಳಿ ಆ ಮಾತು ಹೊಡೆದು ಹಾಕಿ, 'ಅನಿರೀಕ್ಷಿತ ವಿದ್ಯುತ್ ವ್ಯತ್ಯಯದಿಂದಾಗಿ' ಎಂದು ಬರೆದೆ. ಉಳಿದದ್ದನ್ನೂ ತಿದ್ದಿದೆ, ನನ್ನ ಅಕ್ಷರದಲ್ಲೇ ಚೊಕ್ಕವಾಗಿ ಪ್ರತಿ ಮಾಡಿಕೊಟ್ಟೆ. ಬಹಳ ಒಳ್ಳೆಯ ಅರ್ಜಿ ಅದು. 'ನೀವು ಇದ್ರಿ, ಆಯ್ತು ಸಾರ್' ಎಂದು ಸಹಿ ಹಾಕಿ ತೆಗೆದುಕೊಂಡು ಹೋದಳು.

ಅರ್ಜಿ ಪ್ರಿನ್ಸಿಪಾಲರ ಮೇಜಿಗೆ ಹೋಯಿತು. ಅವರು ಅದರ ಮೇಲೆ 'ಪರಿಶೀಲಿಸಿ ವರದಿ ನೀಡಿ' ಎಂದು ಬರೆದು ಪರೀಕ್ಷಾ ಕುಂದುಕೊರತೆ ಸಮಿತಿಗೆ ಕಳಿಸಿದರು. ಅದರ ಪ್ರಭಾರ ಯಾರದೆಂದು ಮೊದಲೇ ಹೇಳಿದ್ದೇನೆ. ಮೂರು ದಿನದ ಮೇಲೆ ನನ್ನ ಕೈಬರಹದ ಅರ್ಜಿ ನನ್ನ ಮೇಜಿಗೇ ಬಂತು. ನಾನು ಅದನ್ನು ನಿಯಮದ ಪ್ರಕಾರವೇ ನಡೆಸಿದೆ. ಗಂಟೆಯ ಪ್ರಭಾರಿಯಿಂದ ವಿವರಣೆ ಕೇಳಬೇಕಿತ್ತು, ಆದ್ದರಿಂದ ನನಗೆ ನಾನೇ ಒಂದು ಪತ್ರ ಬರೆದೆ. ಅದಕ್ಕೆ ರವಾನೆ ಸಂಖ್ಯೆ ಹಾಕಿಸಿದೆ, ಸ್ವೀಕರಿಸಿದ್ದಕ್ಕೆ ಸಹಿ ಮಾಡಿದೆ. ಪತ್ರದಲ್ಲಿ 'ತಮ್ಮ ಉಸ್ತುವಾರಿಯಲ್ಲಿರುವ ಯಂತ್ರದಲ್ಲಿ ದೋಷವಿದೆಯೇ?' ಎಂದು ಕೇಳಿದ್ದೆ. 'ಪರೀಕ್ಷಿಸಲಾಗಿ, ಯಂತ್ರದಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ' ಎಂದು ಉತ್ತರಿಸಿದೆ. ಅದು ಸುಳ್ಳಲ್ಲ. ಪತ್ರ ಬರೆದ ತಾರೀಖಿಗೆ ದೋಷ ಇರಲಿಲ್ಲ. ನನ್ನ ವಿವರಣೆಯನ್ನು ನಾನು ಒಪ್ಪಿಕೊಂಡೆ. ವಿದ್ಯುತ್ ವ್ಯತ್ಯಯವು ಮನುಷ್ಯರ ಕೈಮೀರಿದ್ದು, ಅರ್ಜಿದಾರಳೇ ಅದನ್ನು ಒಪ್ಪಿ ಬರೆದಿದ್ದಾಳೆ, ಆದ್ದರಿಂದ ಯಾರ ಮೇಲೂ ಕ್ರಮದ ಅವಶ್ಯಕತೆಯಿಲ್ಲ, ವಿದ್ಯಾರ್ಥಿನಿ ಮುಂದಿನ ಪರೀಕ್ಷೆಗೆ ಕಟ್ಟಬಹುದು ಎಂದು ವರದಿ ಮುಗಿಸಿದೆ. ಪ್ರಿನ್ಸಿಪಾಲರು ಓದಿ, 'ವರದಿ ಅಂದ್ರೆ ಹಿಂಗಿರ್ಬೇಕು ನೋಡ್ರಿ' ಎಂದರು.

ಪರೀಕ್ಷೆಯ ದಿನದ ಸುದ್ದಿ ಹೇಗೋ ಕೇಳಿದ್ದ ಹೆಂಡತಿ ಒಂದು ದಿನ ಊಟ ಬಡಿಸುತ್ತಾ, 'ಆ ಹುಡುಗಿ ಏನಾದ್ಲು ರೀ?' ಎಂದು ಕೇಳಿದಳು. 'ಯಾವ ಹುಡುಗಿ?' ಎಂದೆ. ಅವಳು ಸಾರಿನ ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು.

ಹುಡುಗಿ ಆರು ತಿಂಗಳ ನಂತರ ಮತ್ತೆ ಪರೀಕ್ಷೆಗೆ ಕೂತಳು, ಪಾಸಾದಳು. ಗಾಳಿಯಂತ್ರದವರು ಅಷ್ಟು ದಿನ ಕಾಯಲಿಲ್ಲ, ಇನ್ಯಾರನ್ನೋ ತೆಗೆದುಕೊಂಡಿದ್ದರು. ಈಗ ಚಿತ್ರದುರ್ಗದ ಒಂದು ಮೊಬೈಲ್ ಅಂಗಡಿಯಲ್ಲಿ ಕುಳಿತು ಒಡೆದ ಪರದೆ ಬದಲಾಯಿಸುತ್ತಾಳೆ. ಕಳೆದ ತಿಂಗಳು ಅಂಕಪಟ್ಟಿ ತೆಗೆದುಕೊಳ್ಳಲು ಬಂದವಳು ಲ್ಯಾಬಿಗೂ ಬಂದಳು. ಕೈಯಲ್ಲಿ ಪೇಡೆಯ ಡಬ್ಬಿ.

'ತಗಳ್ರಿ ಸಾರ್. ಎಲ್ಲರಿಗಿಂತ ಮುಂಚೆ ನಿಮಗೇ ಕೊಡಬೇಕು ಅಂತ ಆಫೀಸಿಗೂ ಕೊಟ್ಟಿಲ್ಲ. ಅವತ್ತು ಯಾರೂ ನನ್ನ ಮಾತು ಕೇಳ್ಲಿಲ್ಲ, ನೀವೊಬ್ರೇ ಕುಂತು ಅರ್ಜಿ ಬರ್ಕೊಟ್ಟಿದ್ದು' ಎಂದಳು.

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಹೇಳಬೇಕಾದ ಮಾತು ನನ್ನ ಬಳಿ ಸಿದ್ಧವಾಗಿತ್ತು. ಅರ್ಜಿ ಬರೆದ ದಿನದಿಂದ ಬಸ್ಸಿನಲ್ಲಿ ಕೂತು ಎಷ್ಟೋ ಸಲ ತಿದ್ದಿ ಇಟ್ಟುಕೊಂಡದ್ದು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಡಬ್ಬಿ ತೆರೆದು ಹಿಡಿದುಕೊಂಡು ನಿಂತಿದ್ದಳು.

'ಪೇಡೆ ಎಲ್ಲಿಂದ ತಂದಿದ್ದಮ್ಮ?' ಎಂದು ಕೇಳಿದೆ.

ಅವಳು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಹೆಸರು ಹೇಳಿದಳು. ತಿಂದೆ, ಚೆನ್ನಾಗಿತ್ತು. 'ಇನ್ನೊಂದು ತಗಳ್ರಿ ಸಾರ್' ಎಂದಳು. ಇನ್ನೊಂದು ತೆಗೆದುಕೊಂಡೆ.